ಎಂ.ಎ. ಇಂಗ್ಲಿಷ್ ಮಾಡಿ ಏನಾದೆ?

ನೀವೀಗ ಓದುತ್ತಿರುವ ಈ ಕಾಲೇಜಿನಲ್ಲೇ ಬಿ.ಎ. ಮುಗಿಸಿ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಇಂಗ್ಲಿಷ್ ಎಂ.ಎ. ಓದಲು ಹೊರಟಾಗ ನಮ್ಮೂರಿನವರು ಎರಡು ಲೆಕ್ಕ ಹಾಕಿದ್ದರು: ಹುಡುಗ ಪಟಪಟನೆ ಇಂಗ್ಲಿಷ್ ಮಾತನಾಡುತ್ತಾನೆ, ಆಮೇಲೆ ಲೆಕ್ಚರರ್ ಆಗುತ್ತಾನೆ. ಮೊದಲನೆಯದು ಇಂದಿಗೂ ಪೂರ್ತಿ ಕೈಗೂಡಿಲ್ಲ. ಎರಡನೆಯದು ಕೈಗೂಡಿತು, ಕೆಲವು ವರ್ಷಗಳಲ್ಲಿ ಜಾರಿಯೂ ಹೋಯಿತು.

ಗಂಗೋತ್ರಿಯಲ್ಲಿ ಚಾಸರ್, ಮಿಲ್ಟನ್ ಎಂದು ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತಿತ್ತು. ಆದರೆ ಒಂದು ತರಗತಿ ಕಣ್ಣಿಗೆ ಕಟ್ಟಿದಂತಿದೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೊದಲ ದೃಶ್ಯ. ನಡುರಾತ್ರಿ, ಕೋಟೆಯ ಕಾವಲು. 'ಯಾರಲ್ಲಿ?' ಎಂಬ ಕೂಗಿನೊಂದಿಗೆ ನಾಟಕ ತೆರೆದುಕೊಳ್ಳುತ್ತದೆ. ಕೂಗಿದವನು ಕಾವಲಿನಲ್ಲಿ ನಿಂತಿರುವ ಫ್ರಾನ್ಸಿಸ್ಕೋ ಅಲ್ಲ, ಪಾಳಿ ಬದಲಿಸಲು ಬಂದ ಬರ್ನಾರ್ಡೋ! 'ಇಲ್ಲ, ಮೊದಲು ನೀನು ಹೇಳು' ಎಂದು ಫ್ರಾನ್ಸಿಸ್ಕೋ ತಿರುಗಿಬೀಳುತ್ತಾನೆ. ಉತ್ತರ ಕೊಡಬೇಕಾದವನೇ ಪ್ರಶ್ನೆ ಕೇಳಿದ್ದಾನೆ. ಭೂತ ಕಾಣಿಸಿಕೊಳ್ಳುವ ಮೊದಲೇ ಆ ಕೋಟೆಯಲ್ಲಿ ಎಲ್ಲರಿಗೂ ದಿಗಿಲು. ಮೇಷ್ಟ್ರು ಇಡೀ ಗಂಟೆ ಇಷ್ಟರಲ್ಲೇ ಕಳೆದರು. ಯಾವ ಗೈಡಿನಲ್ಲೂ ನಾನು ಇದನ್ನು ಓದಿರಲಿಲ್ಲ.

ಅತಿಥಿ ಉಪನ್ಯಾಸಕನಾಗಿ ಒಂದಷ್ಟು ಕಾಲ ದುಡಿದು, ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್, ಅಂದರೆ ಸಾಫ್ಟ್‌ವೇರ್ ಬಳಸುವ ಬಗೆಯನ್ನು ವಿವರಿಸಿ ಬರೆಯುವವನು, ಆಗಿದ್ದೇನೆ. ಎಂಜಿನಿಯರುಗಳು 'ಕಡತವನ್ನು ಅಳಿಸಲಾಗುತ್ತದೆ' ಎಂದು ಬರೆದು ಕಳುಹಿಸುತ್ತಾರೆ. ಅಳಿಸುವವರು ಯಾರು? ಬಳಕೆದಾರನೋ, ಯಂತ್ರವೋ? ಯಾವಾಗ? ಹೀಗೆ ಪೀಡಿಸುವುದಕ್ಕೇ ನನಗೆ ಸಂಬಳ. ಬರ್ನಾರ್ಡೋನ ಋಣ ದೊಡ್ಡದು.

ನನ್ನ ಸಹಪಾಠಿಗಳಲ್ಲಿ ಒಬ್ಬಳು ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುತ್ತಾಳೆ, ಇನ್ನೊಬ್ಬ ಬ್ಯಾಂಕಿನಲ್ಲಿದ್ದಾನೆ, ಮತ್ತೊಬ್ಬ ಪತ್ರಿಕೆಯ ಡೆಸ್ಕಿನಲ್ಲಿದ್ದಾನೆ. ಇಂಗ್ಲಿಷ್ ಓದಿದರೆ ಕನ್ನಡ ಕೈತಪ್ಪುತ್ತದೆ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಬಿ.ಎಂ.ಶ್ರೀ., ಅಡಿಗ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡಿದವರು. ಮೈಸೂರಿನಲ್ಲೇ ಇಂಗ್ಲಿಷ್ ಎಂ.ಎ. ಓದಿದ ಎ.ಕೆ. ರಾಮಾನುಜನ್ ಷಿಕಾಗೋ ಸೇರಿ, ನಮ್ಮ ವಚನಗಳನ್ನು 1973ರಲ್ಲಿ ಇಂಗ್ಲಿಷ್ ಓದುಗರ ಕೈಗಿಟ್ಟರು.

ಕಾಲೇಜು ಮೇಷ್ಟ್ರ ಕೆಲಸವೇ ಬೇಕು ಎನ್ನುವವರು, ಅದಕ್ಕೆ ಅರ್ಹತೆ ಕೊಡುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯನ್ನು ಮರೆಯಬೇಡಿ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ 55 ಶೇಕಡಾ ಬೇಕು. ಅದರಲ್ಲೇ ಜೆ.ಆರ್.ಎಫ್. (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ಸಂಶೋಧನೆಗೆ ಹಣದ ನೆರವು ದೊರೆಯುತ್ತದೆ. ಇಂಥದ್ದೇ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಇದೆ. ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ನೆಟ್ ಬರೆಯಬಹುದು, ಬರೆದುಬಿಡಿ. ಅತಿಥಿ ಉಪನ್ಯಾಸಕರಾದ ಮೇಲೆ, ಎರಡು ಕಾಲೇಜುಗಳ ನಡುವೆ ಬಸ್ ಹಿಡಿಯುತ್ತಾ, ಓದಲು ಪುರುಸೊತ್ತು ಸಿಗುವುದಿಲ್ಲ.