ಊರು ಕಡಿಮೆ, ದಿನ ಹೆಚ್ಚು: ನಮ್ಮ ಎರಡನೆಯ ವಿದೇಶ ಪ್ರವಾಸದ ಲೆಕ್ಕ ಮತ್ತು ಊಟ

ತುಮಕೂರು, ಡಿಸೆಂಬರ್ 2025

ಇಬ್ಬರೂ ನಿವೃತ್ತರಾದ ವರ್ಷ ನಾನೂ ಯಜಮಾನರೂ ಒಂದು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಐದು ದೇಶಗಳ ಹೆಸರು ಬರೆದುಕೊಂಡೆವು: ಶ್ರೀಲಂಕಾ, ವಿಯೆಟ್ನಾಂ, ಇಂಡೋನೇಷ್ಯಾ, ಕಾಂಬೋಡಿಯಾ, ಜಪಾನ್. ಅದರ ಕೆಳಗೆ ಮೂರು ಷರತ್ತುಗಳನ್ನೂ ಬರೆದೆವು. ಒಂದು ಪ್ರವಾಸಕ್ಕೆ ಇಬ್ಬರಿಗೂ ಸೇರಿ 1,25,000 ರೂಪಾಯಿ ಮೀರಬಾರದು. ಪ್ರವಾಸಿ ಕಂಪನಿಯ ಬಸ್ಸು ಹತ್ತಬಾರದು. ದಿನಕ್ಕೆ ಒಂದು ಹೊತ್ತಾದರೂ ಆ ಊರಿನವರು ತಿನ್ನುವುದನ್ನೇ, ನಮ್ಮ ಸಸ್ಯಾಹಾರ ಕೆಡದಂತೆ, ತಿನ್ನಬೇಕು. ಎರಡು ದೇಶಗಳು ಮುಗಿದಿವೆ. ಮೂರನೆಯದರ ಸಿದ್ಧತೆ ನಡೆದಿದೆ. ಇಲ್ಲಿಯವರೆಗಿನದನ್ನು ದಾಖಲಿಸಿಡುತ್ತಿದ್ದೇನೆ.

ಶ್ರೀಲಂಕಾದ ವಿಷಯ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ನಾವು ಮಾಡಿದ್ದು ಓಟ. ಏಳು ದಿನಗಳಲ್ಲಿ ಕೊಲಂಬೊ, ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ಗಾಲೆ ಎಂದು ಐದು ಊರು ಸುತ್ತಿದೆವು. ಪ್ರತಿದಿನ ಪೆಟ್ಟಿಗೆ ಕಟ್ಟುವುದು, ಬಾಡಿಗೆ ಕಾರು ಹಿಡಿಯುವುದು, ಕತ್ತಲಾದ ಮೇಲೆ ಹೊಸ ಊರಿನಲ್ಲಿ ಊಟ ಹುಡುಕುವುದು. ಬ್ಯಾಗಿನಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇದ್ದುದರಿಂದ ಅರ್ಧದಷ್ಟು ಹೊತ್ತು ಅದನ್ನೇ ತಿಂದೆವು. ತೆಂಗಿನ ತುರಿಯ 'ಪೋಲ್ ಸಂಬೋಲ'ದಲ್ಲಿ ಒಣಮೀನಿನ ಚೂರು ಹಾಕುತ್ತಾರೆಂಬುದು ಮೂರನೆಯ ದಿನ ತಿಳಿದ ಮೇಲಂತೂ ಹೊರಗೆ ತಿನ್ನಲು ಹಿಂಜರಿಕೆಯಾಯಿತು. ಖರ್ಚು 98,000 ರೂಪಾಯಿ, ಎಂದರೆ ದಿನಕ್ಕೆ 14,000. ಮನೆಗೆ ಬಂದು ಲೆಕ್ಕ ಕೂಡಿಸಿದಾಗ ಕಂಡದ್ದು ಇಷ್ಟು: ಹಣ ಹೋದದ್ದು ಊಟಕ್ಕಲ್ಲ, ಕೋಣೆಗೂ ಅಲ್ಲ, ಊರಿಂದೂರಿಗೆ ಓಡಾಡಿದ್ದಕ್ಕೆ.

ಆದ್ದರಿಂದ ವಿಯೆಟ್ನಾಮಿಗೆ ಹೊರಡುವಾಗ ಉತ್ತರದ ಹನೋಯ್, ದಕ್ಷಿಣದ ಹೋ ಚಿ ಮಿನ್ ನಗರ ಎರಡನ್ನೂ ಬಿಟ್ಟು, ನಡುವಿನ ಕರಾವಳಿಯೊಂದನ್ನೇ ಹಿಡಿದೆವು. ದಾ ನಾಂಗ್‌ನಲ್ಲಿ ಮೂರು ರಾತ್ರಿ, ಹೋಯ್ ಆನ್‌ನಲ್ಲಿ ಐದು, ಹ್ವೇಯಲ್ಲಿ ನಾಲ್ಕು. ಇಷ್ಟು ದೂರ ಹೋಗಿ ಹನೋಯ್ ನೋಡದೆ ಬರುತ್ತೀರಾ ಎಂದು ಕೇಳಿದವರಿಗೆಲ್ಲ, ನಮ್ಮ ವಯಸ್ಸಿಗೆ ಒಂದೇ ಬೀದಿಯಲ್ಲಿ ಮೂರು ಬಾರಿ ನಡೆಯುವುದೇ ನಿಜವಾದ ನೋಡುವಿಕೆ ಎಂದು ಹೇಳಿದೆ. ಈಗಲೂ ಹಾಗೆಯೇ ನಂಬಿದ್ದೇನೆ. ಕಾಲ ಆರಿಸಿದ್ದು ಮಾರ್ಚ್. ಆ ಭಾಗದಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಜೋರು ಮಳೆ, ಅಕ್ಟೋಬರ್-ನವೆಂಬರಿನಲ್ಲಿ ಹೋಯ್ ಆನ್‌ನ ಬೀದಿಗಳಿಗೆ ನದಿಯೇ ನುಗ್ಗುವುದುಂಟು.

ಹೊರಡುವ ಮೊದಲೇ ಒಂದು ಪೆಟ್ಟು ಬಿತ್ತು. ವಿಯೆಟ್ನಾಮಿನ ಇ-ವೀಸಾಕ್ಕೆ ಒಬ್ಬರಿಗೆ 25 ಡಾಲರ್. ಕಟ್ಟಿದ ಹಣ ವಾಪಸು ಬರುವುದಿಲ್ಲ. ನಮ್ಮ ಕಡೆ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಇರುತ್ತದೆಯೇ ಹೊರತು ಮನೆತನದ ಹೆಸರು ಇರುವುದಿಲ್ಲ. ಯಜಮಾನರ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ಅರ್ಜಿಯಲ್ಲಿ ನಾನು ಇನಿಷಿಯಲ್‌ಗಳನ್ನು ಬಿಡಿಸಿ, ಹಿಂದುಮುಂದಾಗಿ ತುಂಬಿದೆ. ಪಾಸ್‌ಪೋರ್ಟಿನಲ್ಲಿ ಅಕ್ಷರ ಹೇಗಿದೆಯೋ ಹಾಗೆಯೇ ಇರದಿದ್ದರೆ ವಿಮಾನ ಹತ್ತಲು ಬಿಡದಿರಬಹುದೆಂದು ಗೊತ್ತಾಗಿ, ಅವರಿಗೆ ಮತ್ತೊಮ್ಮೆ ಹಣ ಕಟ್ಟಿ ಹೊಸ ಅರ್ಜಿ ಹಾಕಬೇಕಾಯಿತು. ನಮ್ಮಂಥ ಹೆಸರಿನವರು ಈ ಕೆಲಸವನ್ನು ಒಂದು ತಿಂಗಳು ಮೊದಲೇ, ಹಗಲಿನಲ್ಲಿ, ಇಬ್ಬರು ಕೂತು ಓದಿಕೊಂಡು ಮಾಡುವುದು ಒಳ್ಳೆಯದು.

ಮಾರ್ಚ್ 8ರ ರಾತ್ರಿ ಬೆಂಗಳೂರಿನಿಂದ ಹೊರಟು, ಹೋ ಚಿ ಮಿನ್ ನಗರದಲ್ಲಿ ವಿಮಾನ ಬದಲಿಸಿ ದಾ ನಾಂಗ್ ಸೇರಿದೆವು. ಅಲ್ಲಿನ ಚಾಮ್ ಶಿಲ್ಪ ಸಂಗ್ರಹಾಲಯಕ್ಕೆ ಎರಡು ಬಾರಿ ಹೋದೆವು. ಚಾಮ್ ಜನ ಶತಮಾನಗಳ ಕಾಲ ಆ ಕರಾವಳಿಯನ್ನು ಆಳಿದವರು, ಶಿವನನ್ನು ಪೂಜಿಸಿದವರು. ಅಲ್ಲಿ ಮೀ ಸನ್‌ನ ಒಂದು ಗುಡಿಯ ಬಾಗಿಲ ಮೇಲಿದ್ದ ಮರಳುಗಲ್ಲಿನ ಕೆತ್ತನೆಯೊಂದಿದೆ: ವಿಷ್ಣು ಹಾವಿನ ಮೇಲೆ ಮಲಗಿದ್ದಾನೆ, ಹೊಕ್ಕಳಿನಿಂದ ಎದ್ದ ತಾವರೆಯಲ್ಲಿ ಬ್ರಹ್ಮ ಕುಳಿತಿದ್ದಾನೆ. ಪಕ್ಕದ ಫಲಕ ಓದುವ ಮೊದಲೇ ಯಜಮಾನರು "ಅನಂತಶಯನ" ಎಂದರು. ಪಕ್ಕದಲ್ಲಿದ್ದ ವಿಯೆಟ್ನಾಮಿನ ಕಾಲೇಜು ಹುಡುಗಿಯೊಬ್ಬಳು ಆ ಮಾತನ್ನು ಮತ್ತೆ ಹೇಳಿಸಿಕೊಂಡು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಮೀ ಸನ್ ಇರುವುದು ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ಒಳಗೆ, ಬೆಟ್ಟಗಳು ಸುತ್ತುವರಿದ ಬಟ್ಟಲಿನಂಥ ಕಣಿವೆಯಲ್ಲಿ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಭದ್ರವರ್ಮನೆಂಬ ರಾಜ ಇಲ್ಲಿ ಭದ್ರೇಶ್ವರನೆಂಬ ಶಿವನನ್ನು ಪ್ರತಿಷ್ಠಾಪಿಸಿದ. ಹದಿಮೂರನೆಯ ಶತಮಾನದವರೆಗೂ ಗುಡಿಗಳು ಏಳುತ್ತಲೇ ಹೋದವು. ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ. ಬೆರಳಿನಿಂದ ಸವರಿ ನೋಡಿದೆ, ಉಗುರು ತೂರುವಷ್ಟೂ ಸಂದಿಲ್ಲ. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬು ದಾಳಿಗೆ ಬಹಳಷ್ಟು ಗೋಪುರಗಳು ನೆಲಕ್ಕುರುಳಿದವು. ಬಾಂಬು ಬಿದ್ದ ಹೊಂಡಗಳು ಈಗಲೂ ಹುಲ್ಲು ಮುಚ್ಚಿಕೊಂಡು ಗುಡಿಗಳ ಮಗ್ಗುಲಲ್ಲೇ ಇವೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ಗುಡಿಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ ದುರಸ್ತಿ ಮಾಡಿದೆ. ಆ ಕೆಲಸ ನಡೆಯುತ್ತಿದ್ದಾಗಲೇ, 2020ರ ಮೇ ತಿಂಗಳಲ್ಲಿ, ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಮಣ್ಣಿನಿಂದ ಹೊರಬಂದಿತು. ದಕ್ಷಿಣ ಭಾರತದ ಲಿಪಿಯ ವಂಶಕ್ಕೆ ಸೇರಿದ ಅಕ್ಷರಗಳಲ್ಲಿ ಸಂಸ್ಕೃತ ಕೊರೆದ ಕಲ್ಲುಗಳೂ ಅಲ್ಲಿವೆ. ನಮ್ಮ ಹಳೆಯ ಶಾಸನಗಳನ್ನು ನೋಡಿದ ಕಣ್ಣಿಗೆ ಒಂದೆರಡು ಅಕ್ಷರ ಗುರುತು ಸಿಕ್ಕಂತಾಗುತ್ತದೆ. ಟಿಕೆಟ್ 1,50,000 ಡಾಂಗ್, ಸುಮಾರು 500 ರೂಪಾಯಿ. ಬೆಳಗ್ಗೆ ಏಳಕ್ಕೆಲ್ಲ ಒಳಗಿರಬೇಕು. ಹತ್ತರ ಮೇಲೆ ಕಣಿವೆ ಒಲೆಯಂತಾಗುತ್ತದೆ.

ಈಗ ಊಟದ ವಿಷಯ. ಅಲ್ಲಿ ಕಲಿಯಬೇಕಾದ ಮೊದಲ ಮಾತು 'ಚಾಯ್'. ಅದಕ್ಕೂ ಚಹಾಕ್ಕೂ ಸಂಬಂಧವಿಲ್ಲ. ಬೌದ್ಧರ ಸಸ್ಯಾಹಾರಕ್ಕೆ ಆ ಹೆಸರು. 'ತೋಯ್ ಆನ್ ಚಾಯ್' ಎಂದರೆ ನಾನು ಸಸ್ಯಾಹಾರಿ. ಸೊಪ್ಪಿನ ಪಲ್ಯಕ್ಕೂ ಮೀನಿನ ರಸವಾದ ನುವೊಕ್ ಮಾಮ್ ಹಾಕುವ ನಾಡು ಅದು. ಆದ್ದರಿಂದ ತರಕಾರಿ ಎಂದು ಕೇಳಿದರೆ ಸಾಲದು, ಚಾಯ್ ಎಂದೇ ಕೇಳಬೇಕು. ನಮಗೆ ಅತ್ಯಂತ ನೆರವಾದದ್ದು ಪಂಚಾಂಗ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಬಹಳ ಮಂದಿ ಮಾಂಸ ಮುಟ್ಟುವುದಿಲ್ಲ. ನಾವು ಹೋಯ್ ಆನ್‌ನಲ್ಲಿದ್ದಾಗ ಫಾಲ್ಗುಣದ ಹುಣ್ಣಿಮೆ ಬಂತು. ಹಿಂದಿನ ರಾತ್ರಿ, ಮಾರ್ಚ್ 13ರಂದು, ಹಳೆಯ ಪೇಟೆಯಲ್ಲಿ ವಿದ್ಯುದ್ದೀಪಗಳನ್ನು ಆರಿಸಿ ಬರೀ ಕಾಗದ ಮತ್ತು ರೇಷ್ಮೆಯ ಗೂಡುದೀಪಗಳನ್ನು ಹಚ್ಚಿದ್ದರು. ಮರುದಿನ ಬೆಳಗ್ಗೆ ನೋಡಿದರೆ ಎಂದಿನ ತಳ್ಳುಗಾಡಿಗಳಲ್ಲೂ 'ಚಾಯ್' ಎಂಬ ಹಲಗೆ ನೇತಾಡುತ್ತಿತ್ತು. ಆ ದಿನ ನಾವು ಯಾರನ್ನೂ ಏನನ್ನೂ ಕೇಳದೆ ಮೂರು ಹೊತ್ತು ತಿಂದೆವು.

ತುಮಕೂರಿನವರಿಗೆ ಹೇಳಲೇಬೇಕಾದದ್ದು ಹ್ವೇಯ ಬಾನ್ ಬೆವೊ ಎಂಬ ಅಕ್ಕಿಹಿಟ್ಟಿನ ಹಬೆತಿಂಡಿ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಊರು ಹ್ವೇ. ಅರಮನೆಯ ಕೋಟೆಯನ್ನೂ, 1601ರಲ್ಲಿ ಸ್ಥಾಪನೆಯಾದ ಥಿಯೆನ್ ಮು ವಿಹಾರವನ್ನೂ ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ನಮ್ಮ ಕೋಣೆಯ ಹಿಂದಿನ ಓಣಿಯಲ್ಲಿದ್ದ ಅಜ್ಜಿಯೊಬ್ಬರ ಒಲೆಯ ಮುಂದೆ. ಅಂಗೈಯಗಲದ ಪಿಂಗಾಣಿ ತಟ್ಟೆಗಳನ್ನು ಹಬೆಯ ಪಾತ್ರೆಯಲ್ಲಿ ಸಾಲಾಗಿ ಜೋಡಿಸಿ, ಅವು ಬಿಸಿಯಾದ ಮೇಲೆ ನೀರಾದ ಅಕ್ಕಿಹಿಟ್ಟನ್ನು ಸೌಟಿನ ತುದಿಯಿಂದ ಒಂದೊಂದಕ್ಕೂ ಬಿಡುತ್ತಾರೆ. ನಾಲ್ಕೈದು ನಿಮಿಷಕ್ಕೆ ಹಿಟ್ಟು ಬಿಳುಪಾಗಿ, ನಡುವೆ ಸಣ್ಣ ಗುಳಿ ಬೀಳುತ್ತದೆ. ಆ ಗುಳಿಗೆ ಸಾಮಾನ್ಯವಾಗಿ ಒಣಸೀಗಡಿಯ ಪುಡಿ ಹಾಕುವುದು ಪದ್ಧತಿ. ಚಾಯ್ ಎಂದದ್ದಕ್ಕೆ ನಮಗೆ ಬೇಯಿಸಿ ಅರೆದ ಹೆಸರುಬೇಳೆ, ಹುರಿದ ಈರುಳ್ಳಿ ಹಾಕಿಕೊಟ್ಟರು. ಚಮಚದಲ್ಲಿ ಅಂಚು ಎಬ್ಬಿಸಿ ತಟ್ಟೆಯಿಂದಲೇ ತಿನ್ನಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬೆಳೆದ ನನಗೆ ಆ ಹಬೆಯ ವಾಸನೆ ಹೊಸದೆನಿಸಲಿಲ್ಲ, ಆದರೆ ಅದರಲ್ಲಿ ಉದ್ದಿಲ್ಲ, ಹುಳಿಯಿಲ್ಲ. ನಾಲಗೆಗೆ ನುಣುಪಾಗಿ ಜಾರುತ್ತದೆ. ನಾನು ಕೈಸನ್ನೆಯಲ್ಲಿ ನಮ್ಮ ತಟ್ಟೆಯ ಅಗಲ ತೋರಿಸಿದಾಗ ಆಕೆ ಇಷ್ಟು ದೊಡ್ಡದೇ ಎಂದು ಕಣ್ಣರಳಿಸಿ ನಕ್ಕರು. ಹತ್ತು ತಟ್ಟೆಗೆ 100 ರೂಪಾಯಿಯಷ್ಟಾಯಿತು.

ಹೆಸರುಬೇಳೆಯ ಪಾಯಸದಂಥ 'ಚೇ', ಬೆಳಗಿನ ಅಂಟಕ್ಕಿಯ 'ಸೋಯ್', ಹನಿಹನಿಯಾಗಿ ಇಳಿಯುವ ಕಾಫಿ ಎಲ್ಲವೂ ಚೆನ್ನ. ಪುಳಿಯೋಗರೆ ಗೊಜ್ಜಿನ ಬಾಟಲಿ ಈ ಸಲ ಮುಚ್ಚಳ ತೆಗೆಯದೆಯೇ ಮನೆಗೆ ಮರಳಿತು.

ದಾ ನಾಂಗ್‌ನಿಂದ ಹ್ವೇಗೆ ಕಾರಿನ ಬದಲು ರೈಲು ಹಿಡಿದದ್ದು ಒಳ್ಳೆಯದಾಯಿತು. ಸುಮಾರು ನೂರು ಕಿಲೋಮೀಟರಿಗೆ ಎರಡೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಆದರೆ ಹಾಯ್ ವಾನ್ ಘಟ್ಟದ ಅಂಚಿನಲ್ಲಿ ಹಳಿ ಸಮುದ್ರದ ಮೇಲೆಯೇ ತೇಲಿದಂತೆ ಸಾಗುತ್ತದೆ. ಉತ್ತರಕ್ಕೆ ಹೋಗುವವರು ಬಲಗಡೆ ಕುಳಿತುಕೊಳ್ಳಬೇಕು.

ಒಂದು ನಷ್ಟವನ್ನೂ ಬರೆದಿಡಬೇಕು. 20,000 ಡಾಂಗಿನ ನೋಟೂ 5,00,000 ಡಾಂಗಿನ ನೋಟೂ ಎರಡೂ ನೀಲಿ ಬಣ್ಣದವು. ಸಂಜೆಯ ಮಬ್ಬಿನಲ್ಲಿ ಹಣ್ಣು ಕೊಂಡಾಗ ನಾನು ದೊಡ್ಡದನ್ನು ಕೊಟ್ಟುಬಿಟ್ಟಿದ್ದೆನೆಂಬುದು ರಾತ್ರಿ ಲೆಕ್ಕ ಬರೆಯುವಾಗ ಗೊತ್ತಾಯಿತು. 1,600 ರೂಪಾಯಿ, ನಮ್ಮ ಒಂದೂವರೆ ದಿನದ ಊಟದ ಹಣ. ಮರುದಿನದಿಂದ ದೊಡ್ಡ ನೋಟುಗಳನ್ನು ಯಜಮಾನರ ಅಂಗಿಯ ಒಳಜೇಬಿಗೆ ವರ್ಗಾಯಿಸಿದೆವು.

ಒಟ್ಟು ಲೆಕ್ಕ ಹೀಗಿದೆ: ವಿಮಾನ 62,000, ವೀಸಾ (ಎರಡನೆಯ ಸಲ ಕಟ್ಟಿದ್ದೂ ಸೇರಿ) 6,500, ಹನ್ನೆರಡು ರಾತ್ರಿಯ ವಾಸ 16,800, ಊಟ 12,600, ಓಡಾಟ, ಟಿಕೆಟ್ ಹಾಗೂ ಆ ನೋಟು ಸೇರಿ 15,900. ಒಟ್ಟು 1,13,800, ದಿನಕ್ಕೆ 9,500ಕ್ಕಿಂತ ಕಡಿಮೆ. ವಿಮಾನದ ದರ ಶ್ರೀಲಂಕಾಕ್ಕಿಂತ ಎಷ್ಟೋ ಹೆಚ್ಚಿದ್ದರೂ ದಿನದ ಖರ್ಚು ಮೂರನೇ ಒಂದು ಭಾಗ ಇಳಿದಿದೆ.

ಮನೆಗೆ ಬಂದ ಮೇಲೆ ಬಾನ್ ಸೆವೊ ಮಾಡುವ ಪ್ರಯತ್ನ ನಡೆದಿದೆ. ಅರಿಸಿನ ಹಾಕಿದ ಅಕ್ಕಿಹಿಟ್ಟಿನ ಗರಿಗರಿ ದೋಸೆ ಅದು. ಕಾವಲಿಗೆ ಬಿದ್ದಾಗ ಬರುವ ಚೊಯ್ ಸದ್ದೇ ಅದರ ಹೆಸರು. ಮೊದಲ ಸಲ ಅಂಗಡಿಯ ಅಕ್ಕಿಹಿಟ್ಟು ಕಲಸಿದಾಗ ಮೆತ್ತಗಾಯಿತು. ಎರಡನೆಯ ಸಲ ಹಿಟ್ಟು ದಪ್ಪವಾಯಿತು. ಮೂರನೆಯ ಸಲ ಸೋನಾಮಸೂರಿಯನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ನೀರುದೋಸೆಯಷ್ಟು ತೆಳುವಾಗಿಸಿ, ತಿಪಟೂರಿನ ತೆಂಗಿನಕಾಯಿಯ ಹಾಲು ಬೆರೆಸಿ, ಮೊಳಕೆ ಹೆಸರುಕಾಳು ಹರಡಿ, ಎರಡು ನಿಮಿಷ ಮುಚ್ಚಿಟ್ಟು ಆಮೇಲೆ ಮುಚ್ಚಳ ತೆಗೆದು ಅಂಚು ಕೆಂಪಗಾಗುವವರೆಗೆ ಬಿಟ್ಟೆ. ಮುರಿದಾಗ ಸದ್ದು ಬಂತು. ಮೀನಿನ ರಸದ ಬದಲು ನಿಂಬೆ, ಬೆಲ್ಲ, ಹಸಿಮೆಣಸು, ಸೋಯಾ ಸಾಸ್. ಮೊಮ್ಮಗಳು ಪುದೀನ ಎಲೆ ಸುತ್ತಿಕೊಂಡು ನಾಲ್ಕು ತಿಂದಳು.

ಮುಂದಿನದು ಇಂಡೋನೇಷ್ಯಾದ ಜಾವಾ ದ್ವೀಪ, ಮಳೆಯಿಲ್ಲದ ಜೂನ್ ತಿಂಗಳಲ್ಲಿ. ಒಂದೇ ಊರು: ಯೋಗ್ಯಕರ್ತ. ಅಲ್ಲಿಂದ ಪ್ರಂಬಾನನ್‌ನ ಶಿವಾಲಯ, ಬೊರೊಬುದೂರ್ ಸ್ತೂಪ ಎರಡಕ್ಕೂ ಹೋಗಿಬರಬಹುದು. ಪುಸ್ತಕದ ಹೊಸ ಪುಟದಲ್ಲಿ 'ತನ್ಪಾ ತೆರಾಸಿ' ಎಂದು ದೊಡ್ಡದಾಗಿ ಬರೆದಿದ್ದೇನೆ. ಸೀಗಡಿಯ ಗೊಜ್ಜು ಬೇಡ ಎಂದು ಅರ್ಥ. ಬೊರೊಬುದೂರಿನ ಕಲ್ಲು ಸವೆಯದಂತೆ ಮೇಲೆ ಹತ್ತುವವರಿಗೆ ಹೆಣೆದ ಚಪ್ಪಲಿ ಕೊಡುತ್ತಾರಂತೆ, ಅದರ ಹೆಸರು 'ಉಪಾನತ್'. ಮೆಟ್ಟಿಲುಗಳು ಎತ್ತರವಾಗಿವೆ. ಯಜಮಾನರ ಎಡ ಮೊಣಕಾಲಿಗಾಗಿ ಪ್ರತಿ ಭಾನುವಾರ ಬೆಳಗ್ಗೆ ದೇವರಾಯನದುರ್ಗದಲ್ಲಿ ಭೋಗನರಸಿಂಹನ ಗುಡಿಯಿಂದ ಯೋಗನರಸಿಂಹನವರೆಗೆ ಹತ್ತುತ್ತಿದ್ದೇವೆ. ಕಳೆದ ವಾರ ಎರಡು ಕಡೆ ಮಾತ್ರ ಕುಳಿತರು.