ಒಂದೇ ಎಡಿಟರಿನಲ್ಲಿ ಮೂರು ಕಂಪೈಲರ್

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ತೋಟದಲ್ಲಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಟಾಂಕಿಗೆ ಬಿದ್ದು, ಅಲ್ಲಿಂದ ಪಂಪಿನ ಮೂಲಕ ಅಡಿಕೆ ಮರಗಳ ಬುಡಕ್ಕೆ ಹೋಗುತ್ತದೆ. ಟಾಂಕಿಯ ನೀರು ತಳ ಮುಟ್ಟಿದ 40 ಸೆಕೆಂಡಿನೊಳಗೆ ಪಂಪನ್ನು ನಿಲ್ಲಿಸುವ ನಿಯಂತ್ರಕಗಳನ್ನು ನಾನು ಬೇರೆ ಬೇರೆ ಕಾಲದಲ್ಲಿ ಮೂರು ಮಾಡಿದ್ದೆ. ಹಳೆಯದರಲ್ಲಿ 8051 ಕುಟುಂಬದ ಎಟಿ89ಎಸ್52, ನೆರೆಮನೆಯ ಬಾವನಿಗೆ ಕೊಟ್ಟದ್ದರಲ್ಲಿ ಎಟಿಮೆಗಾ328ಪಿ, ಹೊಸದರಲ್ಲಿ ಎಸ್‌ಟಿಎಂ32ಎಫ್103 ಚಿಪ್ ಇದ್ದವು. ಮೂರಕ್ಕೂ ಪ್ರತ್ಯೇಕ ಸಾಫ್ಟ್‌ವೇರ್ ಇದ್ದುದರಿಂದ ಒಂದರಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತಿತ್ತು. ಕುಂಭ ಮಾಸದ ಒಂದು ಶನಿವಾರ, ಬರೆದ ಕೋಡನ್ನು ಈ ಮೂರು ಚಿಪ್ಪುಗಳ ಭಾಷೆಗೆ ತಿರುಗಿಸುವ ಕಂಪೈಲರುಗಳನ್ನು, ಅಂದರೆ ಕ್ರಮವಾಗಿ ಎಸ್‌ಡಿಸಿಸಿ, ಎವಿಆರ್ ಜಿಸಿಸಿ, ಆರ್ಮ್ ಜಿಸಿಸಿ ಮೂರನ್ನೂ ವಿಶುವಲ್ ಸ್ಟುಡಿಯೋ ಕೋಡ್ ಎಂಬ ಎಡಿಟರ್ ಒಂದರಲ್ಲೇ ಕೂಡಿಸಲು ಕುಳಿತೆ.

ಮೊದಲ ತೊಡಕು, ಕಂಪೈಲರುಗಳನ್ನು ನಡೆಸುವ ಸಿಮೇಕ್ ಎಂಬ ಸಾಧನದಿಂದ ಬಂತು. ಅದು ಮೊದಲ ಸಲ ಕಂಡ ಕಂಪೈಲರನ್ನೇ ಕಂಪೈಲಾದ ಕಡತಗಳನ್ನು ಇಡುವ ಬಿಲ್ಡ್ ಫೋಲ್ಡರಿನಲ್ಲಿ ನೆನಪಿಟ್ಟುಕೊಳ್ಳುವುದರಿಂದ, ನಡುವೆ ಕಂಪೈಲರ್ ಬದಲಿಸಲು ಹೋದ ನನಗೆ ಒಂದು ಗಂಟೆ ವ್ಯರ್ಥವಾಯಿತು. ಪ್ರತಿ ಚಿಪ್ಪಿಗೂ ಯಾವ ಕಂಪೈಲರ್ ಬಳಸಬೇಕೆಂದು ಹೇಳುವ ಒಂದು ಟೂಲ್‌ಚೈನ್ ಕಡತ, ಒಂದು ಬಿಲ್ಡ್ ಫೋಲ್ಡರ್ ಎಂದು ಬೇರ್ಪಡಿಸಿದಾಗ ಆ ಗೊಂದಲ ತೀರಿತು. ಆರ್ಮ್ ಕಂಪೈಲರ್ ಮಾತ್ರ ಪರೀಕ್ಷೆಯ ಹಂತದಲ್ಲೇ ಸೋಲುತ್ತಿತ್ತು. ಕಂಪೈಲರ್ ಕೆಲಸ ಮಾಡುತ್ತದೆಯೇ ಎಂದು ನೋಡಲು ಸಿಮೇಕ್ ಒಂದು ಪುಟ್ಟ ಪ್ರೋಗ್ರಾಮನ್ನು ಪೂರ್ತಿ ಲಿಂಕ್ ಮಾಡಿ, ಅಂದರೆ ತುಂಡುಗಳನ್ನು ಜೋಡಿಸಿ ಓಡಬಲ್ಲ ಕಡತವಾಗಿಸಿ, ನೋಡುತ್ತದೆ. ಆಪರೇಟಿಂಗ್ ಸಿಸ್ಟಮ್ಮೇ ಇಲ್ಲದ ಚಿಪ್ಪಿನಲ್ಲಿ ಪ್ರೋಗ್ರಾಮ್ ಮುಗಿದು ಹಿಂದಿರುಗಲು ಜಾಗವಿಲ್ಲ; ಅದಕ್ಕೆ ಬೇಕಾದ ಕೋಡು ಆರ್ಮ್ ಜಿಸಿಸಿಯಲ್ಲಿ ತಾನಾಗಿ ಸೇರದ್ದರಿಂದ ಆ ಲಿಂಕ್ ಕೂಡುವುದಿಲ್ಲ. ಪರೀಕ್ಷೆಗೆ ಲಿಂಕ್ ಬೇಡದ ಸ್ಟ್ಯಾಟಿಕ್ ಲೈಬ್ರರಿ ಸಾಕೆಂದು ಟೂಲ್‌ಚೈನ್ ಕಡತದಲ್ಲಿ ಒಂದು ಸಾಲು ಬರೆದೆ.

ಮಧ್ಯಾಹ್ನದ ಹೊತ್ತಿಗೆ ಮೂರೂ ತಕರಾರಿಲ್ಲದೆ ಕಂಪೈಲ್ ಆದವು. ಆಗ ಬಾವ ತನ್ನ ಬೋರ್ಡನ್ನು ಹಿಡಿದುಕೊಂಡು ಬಂದ. ಹೊಸ ಪ್ರೋಗ್ರಾಮ್ ತುಂಬಿಸಿ, ನೀರು ಮುಗಿದಂತೆ ಸೂಚನೆ ಕೊಟ್ಟು ನೋಡಿದರೆ 40 ಸೆಕೆಂಡು ಕಳೆದರೂ ಪಂಪಿನ ಸ್ವಿಚ್ಚಾದ ರಿಲೇ ಬಿಡಲಿಲ್ಲ. ಐದು ನಿಮಿಷವಾದರೂ ಬಿಡಲಿಲ್ಲ. "ಬಾವಾ, ಹೀಗಾದರೆ ಮೋಟಾರು ಸುಟ್ಟೇ ಹೋಗುತ್ತದಲ್ಲ?" ಎಂದು ಅವನು ಕೇಳಿದಾಗ ನನಗೆ ನಿಜವಾಗಿಯೂ ಭಯವಾಯಿತು. ನನ್ನ ಮೇಜಿನ ಮೇಲಿದ್ದ ಆರ್ಮ್ ಬೋರ್ಡು ಅದೇ ಸಾಲುಗಳಿಂದ ಸರಿಯಾಗಿ ನಿಲ್ಲುತ್ತಿತ್ತು.

ತಪ್ಪಿದ್ದದ್ದು ಸೆಕೆಂಡನ್ನು 1000ದಿಂದ ಗುಣಿಸಿ ಮಿಲಿಸೆಕೆಂಡು ಮಾಡುವ ಸಾಲಿನಲ್ಲಿ. ಸೆಕೆಂಡುಗಳನ್ನು ನಾನು 'ಇಂಟ್' ಎಂಬ ಪೂರ್ಣಾಂಕದ ಬಗೆಯಲ್ಲಿ ಬರೆದಿದ್ದೆ. ಆರ್ಮ್‌ನಲ್ಲಿ ಅದು 32 ಬಿಟ್, ಎವಿಆರ್‌ನಲ್ಲಿಯೂ 8051ರಲ್ಲಿಯೂ 16 ಬಿಟ್. ಧನ, ಋಣ ಚಿಹ್ನೆಯಿರುವ 16 ಬಿಟ್ಟಿನಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 40000 ಆಗಬೇಕಾದದ್ದು ಋಣ 25536 ಆಗಿ, ಅದು ಚಿಹ್ನೆಯಿಲ್ಲದ 32 ಬಿಟ್ ಚರಕ್ಕೆ ಸೇರಿದಾಗ 4294941760 ಮಿಲಿಸೆಕೆಂಡು, ಅಂದರೆ 49 ದಿನಕ್ಕೂ ಮಿಕ್ಕಿದ ಕಾಲವಾಗಿತ್ತು. ಗಾತ್ರವನ್ನು ಸ್ಪಷ್ಟವಾಗಿ ಹೇಳುವ 'ಯುಇಂಟ್32' ಬಗೆಯ ಚರಗಳಿಗೆ ಎಲ್ಲ ಲೆಕ್ಕವನ್ನೂ ಬದಲಿಸಿದೆ. ನಡೆಯುತ್ತಿರುವ ಕೆಲಸವನ್ನು ತಡೆದು ಚಿಪ್ಪು ಕೂಡಲೇ ಗಮನಿಸುವ ಇಂಟರಪ್ಟ್ ಬರೆಯುವ ರೀತಿ ಮೂರು ಕಂಪೈಲರುಗಳಲ್ಲೂ ಬೇರೆಯಾದ್ದರಿಂದ ಅದನ್ನು ಆಯಾ ಚಿಪ್ಪಿನ ಕಡತಕ್ಕೆ ಕಳುಹಿಸಿ, ಪಂಪಿನ ತರ್ಕವನ್ನಷ್ಟೇ ಸಾಮಾನ್ಯ ಕಡತದಲ್ಲಿ ಉಳಿಸಿಕೊಂಡೆ. ಎಸ್‌ಡಿಸಿಸಿಗೇ ಸೇರಿದ ಪದಗಳ ಅಡಿಯಲ್ಲಿ ಎಡಿಟರ್ ಈಗಲೂ ಕೆಂಪು ಗೆರೆ ಎಳೆಯುತ್ತದೆ, ಆದರೆ ಕಂಪೈಲ್ ಆಗುವುದಕ್ಕೆ ಅದರಿಂದ ತೊಂದರೆಯಿಲ್ಲ.

ಸಂಜೆ ಬಾವನ ತೋಟಕ್ಕೇ ಹೋಗಿ ಬೋರ್ಡು ಜೋಡಿಸಿದೆವು. ಟಾಂಕಿಯ ತಳ ಕಾಣುವವರೆಗೆ ಕಾದು, ಅವನು ಗಡಿಯಾರ ನೋಡುತ್ತ ನಿಂತ. ಸರಿಯಾಗಿ 40ಕ್ಕೆ ಪಂಪು ನಿಂತಿತು.