ಲಿಂಟನ್‌ಗೆ ರೈಲು ಹುಡುಕಿಕೊಂಡು ಹೋಗುವವರಿಗೆ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿರುವ ಲಿಂಟನ್‌ನಲ್ಲಿ ನಾನೂ ನನ್ನ ತಾಯಿಯವರೂ ತಂಗಿದ್ದ ಕೋಣೆಯ ಬಾಡಿಗೆ ಹೆಚ್ಚೇ ಆಗಿತ್ತು. ‘ರೈಲು ನಿಲ್ದಾಣದ ಸಮೀಪ’ ಎಂಬ ವಿವರಣೆಯನ್ನು ನಂಬಿ ಅದನ್ನು ಕಾದಿರಿಸಿದ್ದೆ. ಆದರೆ ಆ ನಿಲ್ದಾಣಕ್ಕೆ ಕೊನೆಯ ರೈಲು ಬಂದದ್ದು 1935ರ ಸೆಪ್ಟೆಂಬರ್‌ನಲ್ಲಿ ಎಂಬುದು ಬಾರ್ನ್‌ಸ್ಟೇಪಲ್‌ನಲ್ಲಿ ಇಳಿದು ಮುಂದಿನ ರೈಲಿಗಾಗಿ ವಿಚಾರಿಸಿದಾಗಲೇ ನಮಗೆ ತಿಳಿಯಿತು.

ಬಾರ್ನ್‌ಸ್ಟೇಪಲ್‌ನಿಂದ ಲಿಂಟನ್‌ವರೆಗೆ ಸುಮಾರು 19 ಮೈಲಿ ಉದ್ದದ ಈ ನ್ಯಾರೋ ಗೇಜ್ ಮಾರ್ಗ 1898ರಲ್ಲಿ ಆರಂಭವಾಯಿತು. ಹಳಿಗಳ ನಡುವಿನ ಅಂತರ ಎರಡು ಅಡಿಗೂ ಕಡಿಮೆ. ಎಂಜಿನ್‌ಗಳಿಗೆ ಯೋ, ಎಕ್ಸ್, ಟಾ ಎಂದು ಆ ಸೀಮೆಯ ನದಿಗಳ ಹೆಸರು. ಲಿಂಟನ್ ನಿಲ್ದಾಣವನ್ನು ಊರಿಗಿಂತ ಬಹಳ ಎತ್ತರದಲ್ಲಿ ಕಟ್ಟಿದ್ದರಿಂದ ಪ್ರಯಾಣಿಕರು ಇಳಿದ ಮೇಲೂ ಕಡಿದಾದ ದಾರಿಯನ್ನು ಕ್ರಮಿಸಬೇಕಾಗಿತ್ತು. ಪೆಟ್ಟಿಗೆ ಹೊತ್ತು ಅದೇ ಇಳಿಜಾರಿನಲ್ಲಿ ನಡೆದ ಮೇಲೆ, ಮೋಟಾರು ಬಸ್ಸುಗಳು ಬಂದೊಡನೆ ಜನರು ರೈಲನ್ನು ಬಿಟ್ಟದ್ದೇಕೆಂಬುದು ನನಗೆ ಚೆನ್ನಾಗಿ ಅರ್ಥವಾಯಿತು.

ರೈಲಿನ ಜಾಗಕ್ಕೆ ಬಂದ ಬಸ್ಸು ಈಗ ದಿನಕ್ಕೆ ಕೆಲವೇ ಬಾರಿ ಓಡುತ್ತದೆ. ನಾವು ಕಾಯುತ್ತಿದ್ದ ಬಸ್ಸು ಬರಲೇ ಇಲ್ಲ. ಮುಂದಿನದಕ್ಕಾಗಿ ಮಳೆಯಲ್ಲಿ ಒಂದೂಮುಕ್ಕಾಲು ಗಂಟೆ ನಿಂತೆವು. ನಾವು ಹೋದ ಕಾಲದಲ್ಲಿ ಭಾನುವಾರ ಬಸ್ಸೇ ಇರಲಿಲ್ಲ. ವಯಸ್ಸಾದವರ ಜೊತೆಗಿದ್ದರೆ ಈ ಮಾರ್ಗದಲ್ಲಿ ಸಂಜೆಯ ಕೊನೆಯ ಬಸ್ಸನ್ನು ನಂಬಿ ಹೊರಡಬೇಡಿ ಎಂದೇ ನನ್ನ ಸಲಹೆ.

ಹಳೆಯ ರೈಲನ್ನು ನೋಡಲೇಬೇಕೆನ್ನುವವರು ದಾರಿಯಲ್ಲಿ ಸಿಗುವ ವುಡಿ ಬೇ ನಿಲ್ದಾಣಕ್ಕೆ ಹೋಗಬೇಕು. ಆಸಕ್ತರು ದುಡಿದು ಉಳಿಸಿಕೊಂಡಿರುವ ಅಲ್ಲಿ 2004ರಿಂದ ಸುಮಾರು ಒಂದು ಮೈಲಿ ದೂರ ಹಬೆಯ ರೈಲು ಓಡುತ್ತಿದೆ. ಅದು ಊರಿನಿಂದ ಊರಿಗೆ ಒಯ್ಯುವ ರೈಲಲ್ಲ, ಹೊರಟಲ್ಲಿಗೇ ಮರಳುತ್ತದೆ, ವರ್ಷದ ಎಲ್ಲ ದಿನವೂ ಇರುವುದಿಲ್ಲ.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಲಿಂಟನ್‌ನಿಂದ ಕೆಳಗಿನ ಲಿನ್‌ಮತ್ ಬಂದರಿಗೆ ಇಳಿಯುವ 1890ರ ಕ್ಲಿಫ್ ರೈಲ್ವೆ, ಅಂದರೆ ಕಡಿದಾದ ಬಂಡೆಯ ಮೇಲೆ ಏರಿಳಿಯುವ ರೈಲು. ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಡಬ್ಬಿಗಳಲ್ಲಿ ಮೇಲಿನದರ ತೊಟ್ಟಿಗೆ ನದಿಯ ನೀರು ತುಂಬುತ್ತಾರೆ, ಕೆಳಗಿನದು ನೀರನ್ನು ಹೊರಚೆಲ್ಲುತ್ತದೆ. ಆ ಭಾರದ ಅಂತರದಿಂದಲೇ ಒಂದು ಇಳಿದರೆ ಇನ್ನೊಂದು ಏರುತ್ತದೆ. ಎಂಜಿನ್ನೂ ಇಲ್ಲ, ವಿದ್ಯುತ್ತೂ ಇಲ್ಲ. ಇದಕ್ಕೆ ಮುಂಚೆ ದೋಣಿಯಲ್ಲಿ ಬಂದ ಕಲ್ಲಿದ್ದಲನ್ನೂ ಸುಣ್ಣವನ್ನೂ ಕುದುರೆಗಳೇ ಆ ಕಡಿದಾದ ಗುಡ್ಡಕ್ಕೆ ಹೊರುತ್ತಿದ್ದವು. 1899ರ ಜನವರಿಯ ಬಿರುಗಾಳಿಯಲ್ಲಿ ಲಿನ್‌ಮತ್‌ನಿಂದ ಸಮುದ್ರಕ್ಕಿಳಿಯಲಾಗದ ‘ಲೂಯಿಸಾ’ ಎಂಬ ರಕ್ಷಣಾ ದೋಣಿಯನ್ನು ಜನರೂ ಕುದುರೆಗಳೂ ಸೇರಿ ಕೌಂಟಿಸ್‌ಬರಿ ಗುಡ್ಡ ಹತ್ತಿಸಿ, ಸುಮಾರು 13 ಮೈಲಿ ದೂರದ ಪೋರ್ಲಾಕ್ ವಿಯರ್‌ವರೆಗೆ ರಾತ್ರಿಯಿಡೀ ಎಳೆದೊಯ್ದಿದ್ದರು. ಆ ಗುಡ್ಡದ ಬುಡದಲ್ಲಿ ನಿಂತು ತಲೆಯೆತ್ತಿ ನೋಡದೆ ಹಿಂತಿರುಗಬೇಡಿ.

ಬಂದರಿನ ಬಳಿ ನಾಲ್ಕೇ ಮೇಜುಗಳ ಒಂದು ಅಂಗಡಿಯಿದೆ. ಮಾಂಸ ತಿನ್ನದ ನಮಗೆ ಚೀಸ್ ಮತ್ತು ಈರುಳ್ಳಿ ತುಂಬಿದ ಬಿಸಿ ಪೇಸ್ಟಿ ಎಂಬ ಕಡುಬಿನಂಥ ತಿಂಡಿಯನ್ನು ಬೇರೆಯಾಗಿಯೇ ಕಾಯಿಸಿ ಕೊಟ್ಟರು. ಇಬ್ಬರಿಗೆ ಹೊಟ್ಟೆ ತುಂಬಿದರೂ ಕೋಣೆಯವರು ಒಬ್ಬರ ಉಪಾಹಾರಕ್ಕೆ ಕೇಳಿದಷ್ಟು ಹಣ ಆಗಲಿಲ್ಲ. ಸ್ಕೋನ್ ಎಂಬ ಸಣ್ಣ ಬನ್ನಿನ ಮೇಲೆ ಮೊದಲು ಕೆನೆ, ಆಮೇಲೆ ಜಾಮ್ ಹಚ್ಚುವುದು ಡೆವನ್ನಿನ ಪದ್ಧತಿ. ಆ ಗಟ್ಟಿ ಕೆನೆಯನ್ನು ಬಾಯಿಗಿಟ್ಟ ಅಮ್ಮ, ‘ಇದು ನಮ್ಮ ಮನೆಯ ಕಾಯಿಸಿದ ಹಾಲಿನ ಕೆನೆಯೇ’ ಎಂದು ಎರಡನೆಯ ಸಲ ತರಿಸಿಕೊಂಡರು. ನೀವು ಹೋದರೆ ಮಧ್ಯಾಹ್ನ ಹನ್ನೆರಡರೊಳಗೆ ಹೋಗಿ, ಅನಂತರ ಕೂರಲು ಜಾಗ ಸಿಗುವುದಿಲ್ಲ.